ಪದ ಪರಿಚಯ: ಜಿಯೋಕೋಡಿಂಗ್

‘47, ನಿಲ್ದಾಣ ರಸ್ತೆ’ ಎಂದು ಬರೆದರೆ ಅಂಚೆಯವರಿಗೆ ಸಾಕು, ನಕ್ಷೆಗೆ ಸಾಲದು. ನಕ್ಷೆಗೆ ಬೇಕಾದದ್ದು ಎರಡು ಅಂಕಿ: ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ವಿಳಾಸವನ್ನು ಈ ಎರಡು ಅಂಕಿಗೆ ಇಳಿಸುವ ಕೆಲಸವೇ ಜಿಯೋಕೋಡಿಂಗ್. ಅದನ್ನು ಮಾಡುವ ಸಾಫ್ಟ್‌ವೇರಿಗೆ ಜಿಯೋಕೋಡರ್ ಎನ್ನುತ್ತಾರೆ. ಅಂಕಿಯಿಂದ ವಿಳಾಸಕ್ಕೆ ಹಿಂದಿರುಗಿದರೆ ಅದು ರಿವರ್ಸ್ ಜಿಯೋಕೋಡಿಂಗ್.

ಮಾರಾಟ ವಿಭಾಗಕ್ಕೆ ಮ್ಯಾಪಿಂಗ್ ಸಾಫ್ಟ್‌ವೇರ್ ಕೊಳ್ಳಲು ಹೊರಟವರು ಈ ಪದವನ್ನು ಸೌಲಭ್ಯಗಳ ಪಟ್ಟಿಯ ಯಾವುದೋ ಮೂಲೆಯಲ್ಲಿ ಕಂಡು ಮುಂದೆ ಸಾಗುತ್ತಾರೆ. ಡೆಮೊದಲ್ಲಿ ಕಣ್ಣು ಸೆಳೆಯುವುದು ಗ್ರಾಹಕರು ದಟ್ಟವಾದಷ್ಟೂ ಬಣ್ಣ ಗಾಢವಾಗುವ ಹೀಟ್‌ಮ್ಯಾಪ್, ಪ್ರತಿನಿಧಿಗಳಿಗೆ ಹಂಚಿದ ವಲಯಗಳ ಎಳೆದತ್ತ ಬಾಗುವ ಟೆರಿಟರಿ ಗಡಿ, ಒಂದೇ ಕ್ಲಿಕ್ಕಿಗೆ ಮೂಡುವ ರೂಟ್. ಇವಿಷ್ಟೂ ನಿಂತಿರುವುದು ಪಿನ್, ಅಂದರೆ ನಕ್ಷೆಯ ಮೇಲೆ ಗ್ರಾಹಕರ ಜಾಗ ತೋರಿಸುವ ಗುರುತು, ಎಲ್ಲಿ ಬಿತ್ತು ಎಂಬುದರ ಮೇಲೆ. ಗಡಿಯ ಆಚೆ ಬೀಳಬೇಕಾದ ಪಿನ್ ಈಚೆ ಬಿದ್ದರೆ ಗ್ರಾಹಕ ಬೇರೆ ಪ್ರತಿನಿಧಿಯ ಲೆಕ್ಕಕ್ಕೆ ಹೋಗುತ್ತಾನೆ, ಕಮಿಷನ್ ಜಗಳ ಅಲ್ಲಿಂದಲೇ ಶುರು. ಡೆಮೊದ ಪಿನ್‌ಗಳು ಮಾತ್ರ ಯಾವತ್ತೂ ತಪ್ಪುವುದಿಲ್ಲ, ಏಕೆಂದರೆ ಆ ವಿಳಾಸಗಳನ್ನು ಮಾರುವವರೇ ಆರಿಸಿರುತ್ತಾರೆ.

ಒಳಗೆ ನಡೆಯುವುದೇನು

ಜಿಯೋಕೋಡರ್ ಮೊದಲು ವಿಳಾಸವನ್ನು ಒಡೆಯುತ್ತದೆ: ಇದು ಕಟ್ಟಡ ಸಂಖ್ಯೆ, ಇದು ರಸ್ತೆ, ಇದು ಊರು, ಇದು ಅಂಚೆ ಕೋಡ್, ಇದು ದೇಶ. ಆಮೇಲೆ ತನ್ನ ದತ್ತಾಂಶದಲ್ಲಿ ಹೊಂದುವ ದಾಖಲೆ ಹುಡುಕುತ್ತದೆ. ಸಿಕ್ಕಿದ್ದಕ್ಕೆ ಬಿಂದು ಕೊಡುತ್ತದೆ, ಜೊತೆಗೆ ಅದು ಎಷ್ಟು ಖಚಿತ ಎಂಬ ಗುರುತನ್ನೂ ಕೊಡುತ್ತದೆ. ಕೊಳ್ಳುವವರು ನೋಡಬೇಕಾದದ್ದು ಈ ಗುರುತನ್ನೇ.

ಅತ್ಯುತ್ತಮವಾದದ್ದು ಕಟ್ಟಡದ ಮೇಲೇ ಬಿದ್ದ ಬಿಂದು. ಗೂಗಲ್‌ನ ಜಿಯೋಕೋಡರ್ ಇದಕ್ಕೆ ‘ರೂಫ್‌ಟಾಪ್’ ಎನ್ನುತ್ತದೆ. ಅದರ ಕೆಳಗಿನದು ರಸ್ತೆಯ ಮೇಲೆ ಅಂದಾಜಿಸಿ ಕೂರಿಸಿದ್ದು. ಇನ್ನೂ ಕೆಳಗೆ ಇಳಿದರೆ ರಸ್ತೆಯ ಅಥವಾ ಬಡಾವಣೆಯ ಮಧ್ಯಬಿಂದು. ಕೊನೆಗೆ ಅಂಚೆ ಕೋಡ್‌ನ ಇಲ್ಲವೇ ಇಡೀ ಊರಿನ ನಡುವಣ ಬಿಂದು. ತೆರೆಯ ಮೇಲೆ ಮಾತ್ರ ನಾಲ್ಕೂ ಒಂದೇ ಥರದ ಕೆಂಪು ಪಿನ್.

ಅಂದಾಜಿಸುವ ಪದ್ಧತಿ ಹಳೆಯದು. ಅಮೆರಿಕದ ಜನಗಣತಿ ಬ್ಯೂರೋ 1970ರ ಗಣತಿಗೆಂದು ಸಿದ್ಧಪಡಿಸಿದ ‘ಡೈಮ್’ ಕಡತಗಳಲ್ಲಿ ರಸ್ತೆಯ ಪ್ರತಿ ತುಂಡಿಗೂ ಎಡಬದಿಯ, ಬಲಬದಿಯ ಮನೆಗಳು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂದು ಬರೆದಿತ್ತು. 1990ರ ಗಣತಿಯ ಹೊತ್ತಿಗೆ ಅದರ ಜಾಗಕ್ಕೆ ‘ಟೈಗರ್’ ಬಂತು. ಲೆಕ್ಕ ಸರಳ. 300 ಮೀಟರ್ ಉದ್ದದ ರಸ್ತೆ ತುಂಡು, ಒಂದು ಬದಿಗೆ 1ರಿಂದ 99ರವರೆಗಿನ ಬೆಸ ಸಂಖ್ಯೆಗಳು ಎಂದಿಟ್ಟುಕೊಳ್ಳಿ. 47ನೇ ಸಂಖ್ಯೆ ಎಲ್ಲಿ? 1ರಿಂದ 47ಕ್ಕೆ 46, ಒಟ್ಟು ವ್ಯಾಪ್ತಿ 98. ಹಾಗಾಗಿ ಶುರುವಿನಿಂದ ಸುಮಾರು 141 ಮೀಟರ್. ಆದರೆ ಆ ರಸ್ತೆಯಲ್ಲಿ ನಿಜವಾಗಿ ಕಟ್ಟಿರುವುದು 49ರವರೆಗೆ ಮಾತ್ರ, ಕಟ್ಟಡಗಳು ಉದ್ದಕ್ಕೂ ಸಮನಾಗಿ ಹರಡಿವೆ ಎಂದಾದರೆ 47 ಇರುವುದು ಹೆಚ್ಚುಕಡಿಮೆ 288ನೇ ಮೀಟರಿನಲ್ಲಿ. ದತ್ತಾಂಶ ಸುಳ್ಳು ಹೇಳಿಲ್ಲ, ಗಣಿತವೂ ತಪ್ಪಿಲ್ಲ, ಪಿನ್ ಮಾತ್ರ 147 ಮೀಟರ್ ದೂರ ಬಿತ್ತು. ಯಾವ ಊರಿನಲ್ಲಿ ಗ್ರಾಹಕರು ಎಷ್ಟಿದ್ದಾರೆ ಎಂದು ನೋಡುವವರಿಗೆ ಇದು ಲೆಕ್ಕಕ್ಕಿಲ್ಲ. ಬಾಗಿಲಿಗೇ ಹೋಗಬೇಕಾದ ಡೆಲಿವರಿಗೆ ಇದು ಸಾಲುವುದಿಲ್ಲ. ಯಾವ ಮಟ್ಟದ ನಿಖರತೆ ಬೇಕು ಎಂಬುದನ್ನು ಕೆಲಸ ನೋಡಿ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ನಡುವಣ ಬಿಂದುವಿನ ಮೋಸ

ಅಂದಾಜಿನ ತಪ್ಪಿಗಿಂತ ನಡುವಣ ಬಿಂದುವಿನ ತಪ್ಪು ಹೆಚ್ಚು ಹಾನಿ ಮಾಡುತ್ತದೆ. ರಸ್ತೆ ಸಿಗದಿದ್ದಾಗ ಜಿಯೋಕೋಡರ್ ಸದ್ದಿಲ್ಲದೆ ಅಂಚೆ ಕೋಡ್‌ಗೆ ಇಳಿಯುತ್ತದೆ. ಆ ಕೋಡ್‌ನ 300 ಗ್ರಾಹಕರು ಒಂದೇ ಬಿಂದುವಿನ ಮೇಲೆ, ಒಬ್ಬರ ಹೆಗಲ ಮೇಲೊಬ್ಬರಂತೆ ಕೂರುತ್ತಾರೆ. ಕಣ್ಣಿಗೆ ಕಾಣುವುದು ಒಂದು ಪಿನ್. ಹೀಟ್‌ಮ್ಯಾಪ್ ಹಾಕಿದರೆ ಅಲ್ಲಿ ಕಡುಗೆಂಪು ಚುಕ್ಕೆ. ‘ನಮ್ಮ ಬೇಡಿಕೆ ಇಲ್ಲೇ ಜಾಸ್ತಿ’ ಎಂದು ಹೊಸ ಮಳಿಗೆಗೆ ಜಾಗ ಹುಡುಕಲು ಹೋದವರಿಗೆ ಅಲ್ಲಿ ಸಿಗುವುದು ಖಾಲಿ ಬಯಲೂ ಆಗಿರಬಹುದು.

ಇಂಥದ್ದೇ ಎಡವಟ್ಟು ಐಪಿ ವಿಳಾಸಗಳ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳ ವಿಷಯದಲ್ಲಿ ದೊಡ್ಡ ಸುದ್ದಿಯಾಗಿತ್ತು. ಐಪಿ ವಿಳಾಸದಿಂದ ಸ್ಥಳ ಹೇಳುವ ಕಂಪನಿಯೊಂದು, ‘ಅಮೆರಿಕದಲ್ಲಿದೆ’ ಎಂಬುದರಾಚೆಗೆ ಏನೂ ಗೊತ್ತಿಲ್ಲದ ವಿಳಾಸಗಳಿಗೆಲ್ಲ ದೇಶದ ನಡುಭಾಗದ ಒಂದು ಬಿಂದುವನ್ನು, ಅಂಕಿ ಸರಳವಾಗಲೆಂದು 38 ಮತ್ತು ಮೈನಸ್ 97 ಎಂದು ಕೊಡುತ್ತಿತ್ತು. ಅದು ಬಿದ್ದದ್ದು ಕಾನ್ಸಸ್ ರಾಜ್ಯದ ಒಂದು ತೋಟದ ಮನೆಯ ಬಳಿ. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಆ ಬಿಂದುವಿಗೆ ಜೋತುಬಿದ್ದಿದ್ದವು. ವಂಚಕರನ್ನು ಹುಡುಕಿಕೊಂಡು ತನಿಖಾಧಿಕಾರಿಗಳು, ತೆರಿಗೆಯವರು, ಕೊನೆಗೆ ಆಂಬುಲೆನ್ಸ್ ಕೂಡ ವರ್ಷಗಟ್ಟಲೆ ಅಲ್ಲಿಗೆ ಬರುತ್ತಿದ್ದರು. 2016ರಲ್ಲಿ ಪತ್ರಿಕಾ ವರದಿ ಬಂದ ಮೇಲೆ ಕಂಪನಿ ಬಿಂದುವನ್ನು ಜಲಾಶಯವೊಂದರ ಮಧ್ಯಕ್ಕೆ ಸರಿಸಿತು. ನೀರಿನ ಮಧ್ಯಕ್ಕೆ ಯಾರೂ ಬಾಗಿಲು ತಟ್ಟಲು ಹೋಗುವುದಿಲ್ಲವಲ್ಲ.

ಇದರ ಇನ್ನೊಂದು ರೂಪ ‘ನಲ್ ಐಲ್ಯಾಂಡ್’. ವಿಳಾಸದ ಅಂಕಣ ಖಾಲಿ ಇದ್ದಾಗ ಕೆಲವು ಸಾಫ್ಟ್‌ವೇರ್ ಎರಡೂ ಅಂಕಿಗೆ ಸೊನ್ನೆ ತುಂಬುತ್ತವೆ. ಸೊನ್ನೆ ಅಕ್ಷಾಂಶ, ಸೊನ್ನೆ ರೇಖಾಂಶ ಸಂಧಿಸುವುದು ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ. ದ್ವೀಪ ಎಂಬುದು ತಮಾಷೆಯ ಹೆಸರು, ಅಲ್ಲಿ ನೆಲವೇ ಇಲ್ಲ. ನಿಮ್ಮ ಗ್ರಾಹಕರು ಅಲ್ಲಿ ಗುಂಪುಗೂಡಿದ್ದರೆ ಬೇಸರಿಸಬೇಡಿ, ಇದು ಕಣ್ಣಿಗೆ ಹೊಡೆದು ಕಾಣುವ ತಪ್ಪು. ಕಾಣದ ತಪ್ಪುಗಳೇ ಕಷ್ಟ.

ಫೈಲಿನಲ್ಲೇ ಹುಟ್ಟುವ ತಪ್ಪುಗಳು

ಅಂಥ ಕಾಣದ ತಪ್ಪುಗಳಲ್ಲಿ ಮುಖ್ಯವಾದದ್ದು ಅದಲುಬದಲು. ಸಾಮಾನ್ಯ ರೂಢಿಯಲ್ಲಿ ಅಕ್ಷಾಂಶ ಮೊದಲು. ಜಿಯೋಜೇಸನ್ ಎಂಬ ಫೈಲ್ ಮಾದರಿಯಲ್ಲಿ ರೇಖಾಂಶ ಮೊದಲು. ಕೈರೋ ನಗರದ ಬಿಂದು 30.0444, 31.2357. ಇದನ್ನು ತಿರುಗುಮುರುಗು ಓದಿದರೆ ಪಿನ್ ಬೀಳುವುದು ಸಮುದ್ರಕ್ಕಲ್ಲ, ಅಲೆಕ್ಸಾಂಡ್ರಿಯಾದ ಅಂಚಿಗೆ. ಅದೇ ದೇಶ, ದೊಡ್ಡ ಊರು, ಗ್ರಾಹಕರಿರಬಹುದಾದ ಜಾಗ. ಯಾರಿಗೂ ಅನುಮಾನ ಬರುವುದಿಲ್ಲ. ರೇಖಾಂಶ 90 ದಾಟಿದ ಕಡೆಗಳಲ್ಲಿ ಮಾತ್ರ ಸಾಫ್ಟ್‌ವೇರೇ ತಪ್ಪು ತೋರಿಸುತ್ತದೆ, ಏಕೆಂದರೆ ಅಕ್ಷಾಂಶ 90 ಮೀರಲಾರದು.

ಡಿಗ್ರಿ, ನಿಮಿಷ, ಸೆಕೆಂಡಿನ ಗೊಂದಲವೂ ಹೀಗೇ. 30 ಡಿಗ್ರಿ 2 ನಿಮಿಷ 40 ಸೆಕೆಂಡನ್ನು ದಶಮಾಂಶಕ್ಕೆ ತಂದರೆ 30.0444. ಅವಸರದಲ್ಲಿ ಅದನ್ನೇ 30.0240 ಎಂದು ಟೈಪ್ ಮಾಡಿದರೆ ಪಿನ್ ಎರಡೂಕಾಲು ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ದಶಮಾಂಶದ ನಂತರ ಎಷ್ಟು ಅಂಕಿ ಬೇಕು? ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಹಾಗಾಗಿ ಎರಡು ಅಂಕಿಗೆ 1.1 ಕಿಲೋಮೀಟರ್, ಮೂರಕ್ಕೆ 111 ಮೀಟರ್, ನಾಲ್ಕಕ್ಕೆ 11 ಮೀಟರ್, ಐದಕ್ಕೆ 1.1 ಮೀಟರ್. ಮಾರಾಟದ ಕೆಲಸಕ್ಕೆ ಐದು ಧಾರಾಳ. ಹದಿನಾಲ್ಕು ಅಂಕಿ ತೋರಿಸುವ ಸಾಫ್ಟ್‌ವೇರ್ ಹೆಚ್ಚು ನಿಖರ ಎಂದೇನೂ ಅಲ್ಲ.

ಇನ್ನು ಸ್ಪ್ರೆಡ್‌ಶೀಟ್‌ನ ಕಿತಾಪತಿ. ಬೋಸ್ಟನ್ನಿನ 02108 ಎಂಬ ಅಂಚೆ ಕೋಡ್ ಅನ್ನು ಸ್ಪ್ರೆಡ್‌ಶೀಟ್ ಸಂಖ್ಯೆ ಎಂದು ತಿಳಿದು 2108 ಮಾಡಿಬಿಡುತ್ತದೆ. ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಮೊದಲೇ ಗುರುತಿಸಿ. ದೇಶಕ್ಕೆ ಪ್ರತ್ಯೇಕ ಕಾಲಂ ಇಡಿ, ಇಲ್ಲದಿದ್ದರೆ ಜಾರ್ಜಿಯಾ ಎಂದರೆ ದೇಶವೋ ಅಮೆರಿಕದ ರಾಜ್ಯವೋ ಎಂದು ಯಂತ್ರ ಊಹಿಸಬೇಕಾಗುತ್ತದೆ. ‘ಶಾಲೆಯ ಹಿಂದೆ, ನೀರಿನ ಟ್ಯಾಂಕ್ ಎದುರು’ ಎಂಬ ಗುರುತುಗಳನ್ನು ವಿಳಾಸದ ಸಾಲಿನಿಂದ ಬೇರೆ ಕಾಲಂಗೆ ಸರಿಸಿ. ಡ್ರೈವರಿಗೆ ಅವು ಬೇಕು, ಜಿಯೋಕೋಡರನ್ನು ಮಾತ್ರ ದಾರಿತಪ್ಪಿಸುತ್ತವೆ. ಚೀನಾದಲ್ಲಿ ಗ್ರಾಹಕರಿದ್ದರೆ ಇನ್ನೊಂದು ತೊಡಕುಂಟು: ಅಲ್ಲಿನ ನಕ್ಷೆಗಳು ಬಳಸುವ ಜಿಸಿಜೆ-02 ಪದ್ಧತಿಯಲ್ಲಿ ಬಿಂದುಗಳು ಜಿಪಿಎಸ್ ಬಿಂದುವಿಗಿಂತ ಕೆಲವು ನೂರು ಮೀಟರ್ ಪಕ್ಕಕ್ಕೆ ಸರಿದಿರುತ್ತವೆ.

ಕೊಳ್ಳುವ ಮುನ್ನ ಮಾಡುವ ಪರೀಕ್ಷೆ

‘ಶೇ. 98 ಮ್ಯಾಚ್’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ಊರಿನ ನಡುವಣ ಬಿಂದು ಕೊಟ್ಟರೂ ಅದು ಮ್ಯಾಚ್ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಪಟ್ಟಿಯಿಂದಲೇ 200 ವಿಳಾಸ ತೆಗೆಯಿರಿ. ಚೊಕ್ಕಟವಾದವನ್ನಷ್ಟೇ ಆರಿಸಬೇಡಿ: ಹಳ್ಳಿಯವು, ಹೊಸ ಬಡಾವಣೆಯವು, ಕಾಗುಣಿತ ಕೆಟ್ಟವು, ಅರ್ಧ ವಿಳಾಸದವು ಎಲ್ಲವೂ ನಿಮ್ಮ ಪಟ್ಟಿಯಲ್ಲಿ ಇರುವ ಪ್ರಮಾಣದಲ್ಲೇ ಇರಲಿ. ಅದರಲ್ಲಿ 50ಕ್ಕೆ ನಿಜವಾದ ಬಿಂದು ಪತ್ತೆಮಾಡಿಕೊಳ್ಳಿ. ಅಲ್ಲಿಗೆ ಹೋಗುವ ಪ್ರತಿನಿಧಿ ಬಾಗಿಲಲ್ಲಿ ನಿಂತು ಫೋನಿನಲ್ಲಿ ತೆಗೆದದ್ದಾದರೂ ಸರಿ, ಉಪಗ್ರಹ ಚಿತ್ರದಲ್ಲಿ ಕಟ್ಟಡ ಗುರುತಿಸಿ ಓದಿಕೊಂಡದ್ದಾದರೂ ಸರಿ. ಈಗ 200ನ್ನೂ ಪ್ರಾಯೋಗಿಕ ಖಾತೆಗೆ ಹಾಕಿ, ಫಲಿತಾಂಶವನ್ನು ಫೈಲಾಗಿ ಹೊರತೆಗೆಯಿರಿ. ಖಚಿತತೆಯ ಗುರುತು ಒಂದು ಕಾಲಂ ಆಗಿ ಹೊರಬರದಿದ್ದರೆ ಆ ಸಾಫ್ಟ್‌ವೇರನ್ನು ಅಲ್ಲಿಗೇ ಕೈಬಿಡಬಹುದು. ಯಾವ ಪಿನ್ ನಂಬಬೇಕು, ಯಾವುದು ಬೇಡ ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ.

ಆ 50 ಬಿಂದುಗಳ ತಪ್ಪನ್ನು ಮೀಟರಿನಲ್ಲಿ ಬರೆದು, ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ. ಸರಾಸರಿ ತೆಗೆಯಬೇಡಿ, ಖಂಡ ದಾಟಿದ ಒಂದೇ ಒಂದು ಪಿನ್ ಇಡೀ ಸರಾಸರಿಯನ್ನು ಹಾಳುಮಾಡುತ್ತದೆ. 25ನೆಯದನ್ನೂ 45ನೆಯದನ್ನೂ ನೋಡಿ. 25ನೆಯದು 20 ಮೀಟರ್, 45ನೆಯದು 4 ಕಿಲೋಮೀಟರ್ ಎಂದರೆ ನಗರದಲ್ಲಿ ಚೆನ್ನಾಗಿದ್ದು ಹೊರವಲಯದಲ್ಲಿ ಕೈಕೊಡುತ್ತಿದೆ ಎಂಬ ಅನುಮಾನ ಬರಬೇಕು. ಕೊನೆಯದಾಗಿ, ಒಂದೇ ಅಂಕಿಯ ಮೇಲೆ ಎಷ್ಟು ಗ್ರಾಹಕರು ಕೂತಿದ್ದಾರೆಂದು ಎಣಿಸಿ. ಒಂದೇ ಸಂಕೀರ್ಣದ ಅಂಗಡಿಗಳಲ್ಲದಿದ್ದರೆ ಅವು ನಡುವಣ ಬಿಂದುಗಳೇ.

ಪಿನ್ ಯಾರದು

ಸಿಕ್ಕ ಅಂಕಿಯನ್ನು ಇಟ್ಟುಕೊಳ್ಳುವ ಹಕ್ಕು ನಿಮಗಿದೆಯೇ ಎಂದು ಕೇಳಿಕೊಳ್ಳಬೇಕು. ಗೂಗಲ್‌ನ ನಿಯಮದಲ್ಲಿ ಜಿಯೋಕೋಡ್ ಮಾಡಿದ ಅಕ್ಷಾಂಶ, ರೇಖಾಂಶವನ್ನು ತಾತ್ಕಾಲಿಕವಾಗಿ 30 ದಿನ ಇಟ್ಟುಕೊಳ್ಳಬಹುದು. ಮ್ಯಾಪ್‌ಬಾಕ್ಸ್ ಎಂಬ ನಕ್ಷೆ ಕಂಪನಿ ತಾತ್ಕಾಲಿಕ ಮತ್ತು ಶಾಶ್ವತ ಬಳಕೆಯನ್ನು ಬೇರೆಬೇರೆಯಾಗಿ ಕೊಡುತ್ತದೆ. ಜನರೇ ಕೂಡಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ದತ್ತಾಂಶ ಮುಕ್ತ, ಆದರೆ ಅದರ ‘ನಾಮಿನಾಟಿಮ್’ ಎಂಬ ಸಾರ್ವಜನಿಕ ಜಿಯೋಕೋಡರಿಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ವಿನಂತಿ ಕಳಿಸುವಂತಿಲ್ಲ. ಆ ವೇಗದಲ್ಲಿ 12,000 ವಿಳಾಸಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ ಬೇಕು. ಹಾಗೆ ದೊಡ್ಡ ಪಟ್ಟಿ ಸುರಿಯುವುದನ್ನು ಅವರು ಇಷ್ಟಪಡುವುದೂ ಇಲ್ಲ, ಸ್ವಂತ ಸರ್ವರಿನಲ್ಲಿ ನಡೆಸುವುದೇ ಸರಿ.

ಲೆಕ್ಕದಲ್ಲೂ ಒಂದು ಬಲೆಯಿದೆ. ಕೆಲವು ಸಾಫ್ಟ್‌ವೇರ್ ಪ್ರತಿ ಸಲ ಫೈಲ್ ಹಾಕಿದಾಗಲೂ ಎಲ್ಲ ಸಾಲುಗಳನ್ನೂ ಹೊಸದಾಗಿ ಜಿಯೋಕೋಡ್ ಮಾಡುತ್ತವೆ. ದಿನಕ್ಕೊಮ್ಮೆ 12,000 ಸಾಲಿನ ಫೈಲ್ ಹಾಕಿದರೆ 30 ದಿನಕ್ಕೆ 3,60,000 ವಿನಂತಿ, ಅಷ್ಟಕ್ಕೂ ಬಿಲ್. ಬದಲಾದ ಸಾಲನ್ನಷ್ಟೇ ಹುಡುಕುವ ಸಾಫ್ಟ್‌ವೇರಿಗೆ ಮೊದಲ ದಿನದ 12,000, ಆಮೇಲೆ ಹೊಸ ಗ್ರಾಹಕರು ಮಾತ್ರ. ಇದಕ್ಕಾಗಿ ಪ್ರತಿ ಗ್ರಾಹಕನಿಗೂ ಬದಲಾಗದ ಒಂದು ಐಡಿ ಇರಬೇಕು.

ಹೀಗೆ ಮರುಹುಡುಕುವುದು ದುಡ್ಡಿನ ಜೊತೆಗೆ ಕೈಯಾರೆ ಮಾಡಿದ ಕೆಲಸವನ್ನೂ ನುಂಗುತ್ತದೆ. ಕಟ್ಟಡದ ನಡುವೆ ಬಿದ್ದ ಬಿಂದು ಯಾವಾಗಲೂ ಬಾಗಿಲಲ್ಲ. ರೂಟ್ ಹಾಕುವಾಗ ಸಾಫ್ಟ್‌ವೇರ್ ಆ ಬಿಂದುವಿಗೆ ಹತ್ತಿರದ ರಸ್ತೆಯನ್ನು ಹಿಡಿಯುತ್ತದೆ. ದೊಡ್ಡ ಕಾರ್ಖಾನೆಯ ಮಟ್ಟಿಗೆ ಅದು ಹಿಂಬದಿಯ ಗೋಡೆ ಪಕ್ಕದ ಓಣಿಯಾಗಿರಬಹುದು, ಗೇಟು ಇರುವುದು ಒಂದು ಕಿಲೋಮೀಟರ್ ಸುತ್ತಿ ಬಂದರೆ. ಪ್ರತಿನಿಧಿ ಪಿನ್ ಎಳೆದು ಗೇಟಿನ ಮೇಲೆ ಇಡುತ್ತಾನೆ. ಮರುದಿನ ಫೈಲ್ ಹಾಕಿದಾಗ ಪಿನ್ ಮತ್ತೆ ಗೋಡೆಯ ಪಕ್ಕಕ್ಕೆ! ಪ್ರಾಯೋಗಿಕ ಖಾತೆಯಲ್ಲಿ ಇದನ್ನು ಮಾಡಿಯೇ ನೋಡಿ: ಒಂದು ಪಿನ್ ಸರಿಸಿ, ಅದೇ ಫೈಲನ್ನು ಮತ್ತೆ ಹಾಕಿ. ಸರಿಸಿದ ಪಿನ್ ಅಲ್ಲೇ ನಿಂತರೆ ಸರಿ. ಲಾಕ್ ಮಾಡುವ ಗುಂಡಿಯಿದ್ದರೆ, ಯಾರು ಯಾವಾಗ ಸರಿಸಿದರು ಎಂಬ ದಾಖಲೆಯಿದ್ದರೆ ಇನ್ನೂ ಒಳ್ಳೆಯದು.

ರಿವರ್ಸ್ ಜಿಯೋಕೋಡಿಂಗ್ ಬಗ್ಗೆ ಒಂದು ಎಚ್ಚರಿಕೆ ಸಾಕು. ಪ್ರತಿನಿಧಿ ಗ್ರಾಹಕರ ಬಳಿ ಹೋದನೋ ಇಲ್ಲವೋ ಎಂದು ನೋಡಲು ಇದನ್ನು ಬಳಸುತ್ತಾರೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರ್ ಒಳಗೆ ಸರಿಯಿರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ತಪ್ಪು ಹತ್ತಾರು ಮೀಟರಿಗೆ ಏರುತ್ತದೆ. ಆ ಬಿಂದುವಿಗೆ ಹತ್ತಿರದ ವಿಳಾಸವನ್ನು ಯಂತ್ರ ಹೇಳುತ್ತದೆ, ಅದು ರಸ್ತೆಯ ಎದುರು ಬದಿಯದ್ದೂ ಆಗಬಹುದು. ಭೇಟಿ ಲೆಕ್ಕಕ್ಕೆ ವಿಳಾಸ ಹೋಲಿಸದೆ ದೂರ ಹೋಲಿಸಿ, ಗ್ರಾಹಕರ ಪಿನ್ ಸುತ್ತ 10 ಮೀಟರ್ ಬದಲು 100 ಮೀಟರ್ ವೃತ್ತ ಇಡಿ. ಅದೂ ಆ ಪಿನ್ ನಡುವಣ ಬಿಂದುವಲ್ಲ ಎಂದು ಖಚಿತಪಡಿಸಿಕೊಂಡ ಮೇಲೆಯೇ, ಇಲ್ಲದಿದ್ದರೆ ಬಾಗಿಲಲ್ಲೇ ನಿಂತಿದ್ದವನ ಹೆಸರಿನ ಮುಂದೆ ‘ಗೈರು’ ಎಂದು ಬೀಳುತ್ತದೆ.