ಹಳೆಯ ಯೆಜ್ಡಿಯ ಬೋಲ್ಟುಗಳಿಗೆ ಮನೆಯಲ್ಲೇ ಪ್ಲೇಟಿಂಗ್ ಮಾಡಬಹುದೇ?

ಪ್ರಶ್ನೆ: ಹಳೆಯ ಯೆಜ್ಡಿ ಬೈಕೊಂದನ್ನು ಪೂರ್ತಿ ಬಿಚ್ಚಿ ಸರಿಪಡಿಸುತ್ತಿದ್ದೇನೆ. ತುಕ್ಕು ಹಿಡಿದ ನಟ್ಟು, ಬೋಲ್ಟು, ಬ್ರಾಕೆಟ್ಟುಗಳಿಗೆ ಮನೆಯಲ್ಲೇ ಪ್ಲೇಟಿಂಗ್ (ಕರೆಂಟು ಹರಿಸಿ ಲೋಹದ ಲೇಪನ) ಮಾಡಿಕೊಳ್ಳಬಹುದೇ? ಸೈಲೆನ್ಸರಿನ ಕ್ರೋಮ್ ಕೂಡ ಸಾಧ್ಯವೇ?

ಉತ್ತರ: ಸತುವಿನ ಲೇಪನವನ್ನು ಧೈರ್ಯವಾಗಿ ಮಾಡಿಕೊಳ್ಳಿ, ಕ್ರೋಮಿನ ಗೋಜಿಗೆ ಹೋಗಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿರುವುದರಿಂದ ಮೂಲ ಬಿಡಿಭಾಗಗಳು ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಇರುವ ಬ್ರಾಕೆಟ್ಟುಗಳನ್ನೇ ಉಳಿಸಿಕೊಳ್ಳುವ ನಿಮ್ಮ ಯೋಚನೆ ಸರಿಯಾದುದೇ.

ಈ ಕೆಲಸದ ಮುಕ್ಕಾಲು ಭಾಗ ಇರುವುದು ಶುಚಿಗೊಳಿಸುವುದರಲ್ಲಿ. ತುಕ್ಕಿನ ಮೇಲಾಗಲಿ ಗ್ರೀಸಿನ ಮೇಲಾಗಲಿ ಸತು ಕೂರುವುದಿಲ್ಲ; ಕೂತಂತೆ ಕಂಡರೂ ಉಗುರಿನಿಂದ ಕೆರೆದರೆ ಎದ್ದು ಬರುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ಗ್ರೀಸು ತೆಗೆದು, ವೈರ್ ಬ್ರಷ್ಷಿನಿಂದ ತುಕ್ಕು ಉಜ್ಜಿ, ಪಾತ್ರೆ ತೊಳೆಯುವ ಸೋಪಿನಿಂದ ಚೆನ್ನಾಗಿ ತೊಳೆದು, ಕೊನೆಗೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಕೆಲವೇ ನಿಮಿಷ ಅದ್ದಿ ಮತ್ತೆ ತೊಳೆಯಬೇಕು. ಬೆರೆಸುವಾಗ ಆಸಿಡ್ಡನ್ನೇ ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗಲ್ಲ. ತೊಳೆದ ಭಾಗದ ಮೇಲೆ ನೀರು ಒಂದೇ ಪರದೆಯಂತೆ ಹರಡಿ ನಿಂತರೆ ಅದು ಶುಚಿಯಾಗಿದೆ ಎಂದರ್ಥ. ಹನಿಹನಿಯಾಗಿ ಒಡೆದರೆ ಎಣ್ಣೆಯಂಶ ಇನ್ನೂ ಉಳಿದಿದೆ. ಈ ಪರೀಕ್ಷೆಯ ನಂತರ ಬರಿಗೈಯಲ್ಲಿ ಮುಟ್ಟಬೇಡಿ.

ದ್ರಾವಣಕ್ಕೆ ಒಂದು ಲೀಟರ್ ಬಿಳಿ ವಿನೆಗರಿಗೆ ಸುಮಾರು 100 ಗ್ರಾಂ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಮತ್ತು ಒಂದಿಷ್ಟು ಸಕ್ಕರೆ ಸಾಕು. ಅದರಲ್ಲಿ ಸತುವಿನ ತುಂಡುಗಳನ್ನು ರಾತ್ರಿಯಿಡೀ ನೆನೆಸಿದರೆ ಸ್ವಲ್ಪ ಸತು ಕರಗಿ ದ್ರಾವಣ ಸಿದ್ಧವಾಗುತ್ತದೆ. (ಹಳೆಯ ಕಾರ್ಬನ್ ಶೆಲ್ಲುಗಳ ಒಳಗಿನ ಡಬ್ಬಿ ಸತುವಿನದೇ ಆದರೂ ಅದರ ಕಪ್ಪು ಪುಡಿಯನ್ನು ತೊಳೆಯುವಷ್ಟರಲ್ಲಿ ಸಾಕಾಗಿ ಹೋಗುತ್ತದೆ, ಸತುವಿನ ತಗಡು ಕೊಂಡು ತರುವುದೇ ಲೇಸು.) ಡಿಸಿ ಪವರ್ ಸಪ್ಲೈಯ ಪ್ಲಸ್ ತಂತಿಗೆ ಸತುವಿನ ತಗಡನ್ನೂ, ಮೈನಸ್ ತಂತಿಗೆ ಬೈಕಿನ ಭಾಗವನ್ನೂ ಕಟ್ಟಿ, ಎರಡನ್ನೂ ಒಂದಕ್ಕೊಂದು ತಾಗದಂತೆ ಈ ದ್ರಾವಣದಲ್ಲಿ ಮುಳುಗಿಸಬೇಕು.

ಹೆಚ್ಚಿನವರು ಎಡವುವುದು ಕರೆಂಟಿನ ಲೆಕ್ಕದಲ್ಲಿ. ಒಂದು ಚದರ ಸೆಂಟಿಮೀಟರಿಗೆ ಸುಮಾರು 20 ಮಿಲಿಆ್ಯಂಪಿಯರ್ ಸಾಕು. ಅಂದರೆ 100 ಚದರ ಸೆಂಟಿಮೀಟರ್ ಮೇಲ್ಮೈಯಿರುವ ಬ್ರಾಕೆಟ್ಟಿಗೆ 2 ಆ್ಯಂಪಿಯರ್. ಒಂದು ಆ್ಯಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಹೆಚ್ಚೆಂದರೆ 1.22 ಗ್ರಾಂ ಸತು ಕೂರುತ್ತದೆ. ಆ ಲೆಕ್ಕದಲ್ಲಿ 20 ನಿಮಿಷಕ್ಕೆ ಸುಮಾರು 10 ಮೈಕ್ರಾನ್ (ಮಿಲಿಮೀಟರಿನ ನೂರರಲ್ಲೊಂದು ಭಾಗ) ದಪ್ಪದ ಲೇಪನ ಸಿಗಬಹುದು. ಬೇಗ ಮುಗಿಸುವ ಆತುರದಿಂದ ಕರೆಂಟು ಏರಿಸಿದರೆ ಅಂಚುಗಳು ಸುಟ್ಟಂತೆ ಕಪ್ಪಾಗಿ ಪುಡಿಪುಡಿಯಾಗುತ್ತವೆ. ನಡುವೆ ಭಾಗವನ್ನು ತಿರುಗಿಸುತ್ತಿರಿ, ಏಕೆಂದರೆ ತಗಡಿಗೆ ಎದುರಾಗಿರುವ ಬದಿಗೇ ಹೆಚ್ಚು ಸತು ಹೋಗುತ್ತದೆ. ಗುಳ್ಳೆಗಳಾಗಿ ಹೊರಬರುವುದು ಹೈಡ್ರೋಜನ್ ಆದ್ದರಿಂದ ಕೆಲಸ ಬಯಲಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಲಿ.

ಇದೇ ಹೈಡ್ರೋಜನ್ ಗಟ್ಟಿ ಉಕ್ಕಿನೊಳಗೆ ಸೇರಿಕೊಂಡರೆ ಅದನ್ನು ಪೆಡಸಾಗಿಸುತ್ತದೆ, ಆಮೇಲೆ ಭಾರ ಬಿದ್ದಾಗ ಉಕ್ಕು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಆದ್ದರಿಂದ ತಲೆಯ ಮೇಲೆ ಗಟ್ಟಿ ಉಕ್ಕಿನ ಗುರುತಾಗಿ 10.9 ಅಥವಾ 12.9 ಎಂದು ಬರೆದಿರುವ ಬೋಲ್ಟುಗಳನ್ನೂ ಸ್ಪ್ರಿಂಗುಗಳನ್ನೂ ಆಸಿಡ್ಡಿಗಾಗಲಿ ಈ ದ್ರಾವಣಕ್ಕಾಗಲಿ ಹಾಕಬೇಡಿ. ಕಾರ್ಖಾನೆಗಳಲ್ಲಿ ಇಂಥವನ್ನು ಲೇಪನದ ನಂತರ 200 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ನೀವು ಹೊಸದನ್ನೇ ಕೊಳ್ಳುವುದು ಕ್ಷೇಮ. ಆಕ್ಸಲ್, ಬ್ರೇಕಿನಂಥ ಜಾಗಗಳಲ್ಲಿ ಉಳಿತಾಯದ ಮಾತೇ ಬೇಡ.

ಇನ್ನು ಸೈಲೆನ್ಸರ್. ಅಲಂಕಾರದ ಕ್ರೋಮಿನ ಪದರ ಒಂದು ಮೈಕ್ರಾನಿಗಿಂತಲೂ ತೆಳು. ಹೊಳಪಿನ ಬಹುಪಾಲು ಅದರಡಿಯ ನಿಕಲ್ಲಿನದು. ಸಾಂಪ್ರದಾಯಿಕ ಕ್ರೋಮ್ ದ್ರಾವಣದಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಒಂದು ವಿಷಕಾರಿ ರೂಪ) ಕ್ಯಾನ್ಸರ್ ತರುವಂಥದ್ದು, ಅದರ ಆವಿಯನ್ನು ಹಿಡಿದಿಡುವ ಏರ್ಪಾಡು ಮನೆಯಲ್ಲಿರುವುದಿಲ್ಲ. ಸತುವಿನ ತಗಡಿನ ಬದಲು ಸ್ಟೀಲ್ ಚಮಚವನ್ನು ಪ್ಲಸ್ಸಿಗೆ ಕಟ್ಟಿದರೂ ಇದೇ ವಿಷ ದ್ರಾವಣಕ್ಕೆ ಇಳಿಯಬಹುದು. ಸೈಲೆನ್ಸರನ್ನು ಪ್ಲೇಟಿಂಗ್ ಅಂಗಡಿಗೇ ಕೊಡಿ.

ಕೆಲಸ ಮುಗಿದ ಮೇಲೆ ದ್ರಾವಣವನ್ನು ಮೋರಿಗೆ ಚೆಲ್ಲಬೇಡಿ, ಸತು ಮೀನುಗಳಿಗೆ ವಿಷ. ಬಟ್ಟೆಯಲ್ಲಿ ಸೋಸಿ, ಹೆಸರು ಬರೆದ ಕ್ಯಾನಿನಲ್ಲಿ ಮಕ್ಕಳ ಕೈಗೆಟುಕದಂತೆ ಎತ್ತಿಟ್ಟರೆ ಮುಂದಿನ ಕಂತಿನ ಬೋಲ್ಟುಗಳಿಗೂ ಅದೇ ಬರುತ್ತದೆ.