ಜೀವವಿಕಾಸ ಓದುವವರಿಗೆ: ಶಿಡ್ಲಘಟ್ಟದ ಹುಳುಮನೆಯಿಂದ ನಂದಿಬೆಟ್ಟದ ಕೋತಿಯವರೆಗೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ‘ವಿಕಾಸ’ ಅಧ್ಯಾಯದ ತೊಡಕು ಹೆಸರಿನಲ್ಲೇ ಇದೆ. ‘ವಿಕಾಸ’ ಎಂದರೆ ನಮ್ಮ ಕಿವಿಗೆ ಅರಳುವುದು, ಮೇಲಕ್ಕೆ ಬರುವುದು. ಹೂವು ವಿಕಸಿಸುತ್ತದೆ, ವ್ಯಕ್ತಿತ್ವ ವಿಕಾಸ ಶಿಬಿರ ನಡೆಯುತ್ತದೆ. ಜೀವಶಾಸ್ತ್ರದ ವಿಕಾಸಕ್ಕೆ ಮೇಲು, ಕೆಳಗು ಎರಡೂ ಇಲ್ಲ. ಒಂದು ಜೀವಿಗುಂಪಿನಲ್ಲಿ ಆನುವಂಶಿಕ ಗುಣಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದು, ಅಷ್ಟೆ. ಬದಲಾಗುವುದು ಗುಂಪು, ಒಂಟಿ ಜೀವಿಯಲ್ಲ. ಉತ್ತರಪತ್ರಿಕೆಯಲ್ಲಿ ಜಾರುವ ಅಂಕಗಳೂ ಈ ಸಿದ್ಧಾಂತದ ಸುತ್ತ ನಡೆದ ಜಗಳಗಳೂ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ.

ಹುಳುಮನೆಯ ಲೆಕ್ಕ

ಶಿಡ್ಲಘಟ್ಟದ ಕಡೆಯ ರೇಷ್ಮೆ ಹುಳುಮನೆ ನೋಡಿದವರಿಗೆ ಡಾರ್ವಿನ್ನನ ವಾದ ಅರ್ಧ ಗೊತ್ತಿದ್ದಂತೆಯೇ. ‘ನೂರು ಮೊಟ್ಟೆ ಮೇಯಿಸಿದ್ದೇವೆ’ ಎಂದು ರೈತರು ಅಂದರೆ ನೂರು ಚಿಟ್ಟೆಗಳು ಇಟ್ಟ ಮೊಟ್ಟೆ ಎಂದರ್ಥ. ಒಂದು ಚಿಟ್ಟೆ 400ರಿಂದ 500 ಮೊಟ್ಟೆ ಇಡುತ್ತದೆ. 500 ಎಂದೇ ಹಿಡಿಯಿರಿ. ಎಲ್ಲವೂ ಬದುಕಿ, ಅರ್ಧ ಹೆಣ್ಣಾದರೆ 250 ಹೆಣ್ಣು. ಅವು ತಲಾ 500 ಇಟ್ಟರೆ ಮುಂದಿನ ತಲೆಮಾರು 1,25,000. ಅದರಾಚೆಗೆ 3 ಕೋಟಿ 12 ಲಕ್ಷದ 50 ಸಾವಿರ. ಯಾವ ಹಿಪ್ಪುನೇರಳೆ ತೋಟ ಸಾಕಾದೀತು? ಜನಸಂಖ್ಯೆಯ ಬಗ್ಗೆ ಇದೇ ಜಾತಿಯ ಲೆಕ್ಕವನ್ನು ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಮಾಲ್ಥಸ್ ಮಾಡಿದ್ದ. 1838ರಲ್ಲಿ ಅದನ್ನು ಓದಿದ ಡಾರ್ವಿನ್ನನಿಗೆ, ಹುಟ್ಟುವುದಕ್ಕಿಂತ ಬಹಳ ಕಡಿಮೆ ಉಳಿಯುತ್ತದೆ, ಹಾಗಾದರೆ ಉಳಿಯುವವು ಯಾವುವು ಎಂಬ ಪ್ರಶ್ನೆ ಕಚ್ಚಿಕೊಂಡಿತು.

ಇನ್ನು ವ್ಯತ್ಯಾಸ. ಒಂದೇ ದಿನ ಚಾಕಿ ಕಟ್ಟಿದ (ಮರಿಯಾಗಿ ಸಾಕಲು ತೆಗೆದುಕೊಂಡ) ಹುಳುಗಳೂ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಒಂದೇ ಹೊತ್ತಿಗೆ ಏಳುವುದಿಲ್ಲ. ಕೆಲವು ಮೊದಲೇ ಹಣ್ಣಾಗಿ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆ ಹತ್ತುತ್ತವೆ, ಕೆಲವು ಹಿಂದುಳಿಯುತ್ತವೆ. ಈ ವ್ಯತ್ಯಾಸದಲ್ಲಿ ಒಂದು ಪಾಲು ಸೊಪ್ಪು, ಶಾಖ, ಗಾಳಿಯಿಂದ ಬಂದದ್ದು. ಅದು ಮರಿಗೆ ಹೋಗುವುದಿಲ್ಲ. ಇನ್ನೊಂದು ಪಾಲು ತಳಿಯಿಂದ ಬಂದದ್ದು; ಅದು ಹೋಗುತ್ತದೆ. ಆಯ್ಕೆಗೆ ಹಿಡಿತ ಸಿಗುವುದು ಎರಡನೆಯದರ ಮೇಲೆ ಮಾತ್ರ. ‘ವ್ಯತ್ಯಾಸ ಇರಬೇಕು’ ಎಂದು ಬರೆದು ‘ಆ ವ್ಯತ್ಯಾಸ ಆನುವಂಶಿಕವಾಗಿರಬೇಕು’ ಎಂಬುದನ್ನು ಬಿಟ್ಟರೆ ಉತ್ತರ ಅಪೂರ್ಣ.

ಸಾಕಿದ ರೇಷ್ಮೆ ಚಿಟ್ಟೆಗೆ ರೆಕ್ಕೆಯಿದೆ, ಹಾರಲು ಬರುವುದಿಲ್ಲ. ಅದರ ಕಾಡು ನೆಂಟ ಬಾಂಬಿಕ್ಸ್ ಮ್ಯಾಂಡರಿನಾ ಹಾರುತ್ತದೆ. ಚೀನಾದಲ್ಲಿ ಸುಮಾರು 5,000 ವರ್ಷ ಮನುಷ್ಯ ದಪ್ಪ ಗೂಡಿನದನ್ನು, ತಟ್ಟೆ ಬಿಟ್ಟು ಓಡದ್ದನ್ನು ಉಳಿಸಿಕೊಳ್ಳುತ್ತ ಬಂದ. ಇದು ಕೃತಕ ಆಯ್ಕೆ. ಆರಿಸುವ ಕೈಯ ಜಾಗದಲ್ಲಿ ಬಿಸಿಲು, ರೋಗ, ಹಕ್ಕಿ, ಹಸಿವು ಇಟ್ಟರೆ ನೈಸರ್ಗಿಕ ಆಯ್ಕೆ. ಸಾಕಿದ ಜೀವಿಗಳ ಮೇಲೆ 1868ರಲ್ಲಿ ತಂದ ಪುಸ್ತಕದಲ್ಲಿ ಡಾರ್ವಿನ್ ರೇಷ್ಮೆ ಹುಳುವಿಗೂ ಜಾಗ ಕೊಟ್ಟಿದ್ದಾನೆ.

ಯಾವುದು ‘ಯೋಗ್ಯ’?

ಮೈಸೂರು ತಳಿಯ ಗೂಡು ಹಸಿರು ಬೆರೆತ ಹಳದಿ, ನೂಲು ಸುಮಾರು 350–400 ಮೀಟರ್. ವರ್ಷಕ್ಕೆ ಎರಡು ತಲೆಮಾರು ಮಾಡುವ ಬೈವೋಲ್ಟೀನ್ ತಳಿಯ ಗೂಡು ಬಿಳಿ, ನೂಲು ಸಾವಿರ ಮೀಟರಿನ ಆಸುಪಾಸು. ಗೂಡಿನ ಮಾರುಕಟ್ಟೆಯಲ್ಲಿ ನಿಂತರೆ ಬೈವೋಲ್ಟೀನೇ ಶ್ರೇಷ್ಠ. ಏಪ್ರಿಲ್ ಬಿಸಿಲಲ್ಲಿ ಕಾದ ಶೀಟಿನ ಕೆಳಗೆ ನಿಂತರೆ ತಡೆದುಕೊಳ್ಳುವುದು ಮೈಸೂರು ತಳಿ. ಎಲ್ಲಿ, ಯಾವಾಗ ಎಂದು ಕೇಳದೆ ಯೋಗ್ಯತೆಗೆ ಅರ್ಥವೇ ಇಲ್ಲ. ಯೋಗ್ಯತೆಯ ಅಳತೆಗೋಲು ಒಂದೇ: ಆ ಪರಿಸರದಲ್ಲಿ ಬದುಕಿ ಎಷ್ಟು ಸಂತಾನ ಬಿಟ್ಟಿತು.

ಹೀಗಿರುವಾಗ ‘ಬಲಿಷ್ಠರ ಉಳಿವು’ ಎಂಬ ಕನ್ನಡ ರೂಢಿ ಬಹಳ ಕೆಡುಕು ಮಾಡಿದೆ. ‘ಸರ್ವೈವಲ್ ಆಫ್ ದ ಫಿಟೆಸ್ಟ್’ ಎಂಬ ಮೂಲ ಮಾತು ಡಾರ್ವಿನ್ನನದೂ ಅಲ್ಲ. ಅದು ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರ್ 1864ರಲ್ಲಿ ಬಳಸಿದ್ದು. ಡಾರ್ವಿನ್ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕದ 1869ರ ಐದನೇ ಆವೃತ್ತಿಯಲ್ಲಿ ಅದನ್ನು ಎರವಲು ಪಡೆದ. ಅದರಲ್ಲಿ ಬಲದ ಮಾತೇ ಇಲ್ಲ, ಹೊಂದಿಕೆಯ ಮಾತಿದೆ. ‘ಅರ್ಹರ ಉಳಿವು’ ಎಂದು ಬರೆಯಿರಿ.

ಔಷಧಿ ಹೊಡೆದಾಗ ಏನಾಗುತ್ತದೆ

ಕೋಲಾರದ ಟೊಮೆಟೊ, ಎಲೆಕೋಸಿನ ಹೊಲಗಳಲ್ಲಿ ‘ಹುಳು ಔಷಧಿಗೆ ಒಗ್ಗಿಕೊಂಡಿದೆ’ ಎನ್ನುತ್ತಾರೆ. ಹುಳು ಒಗ್ಗಿಕೊಂಡಿಲ್ಲ. ಲೆಕ್ಕ ನೋಡಿ. ಹೊಲದಲ್ಲಿ 10,000 ಹುಳು. ಅದರಲ್ಲಿ 10 ಹುಳುಗಳಿಗೆ ಆಕಸ್ಮಿಕ ಉತ್ಪರಿವರ್ತನೆಯಿಂದ (ಜೀನ್‌ನಲ್ಲಿ ತಾನಾಗಿ ಆದ ಬದಲಾವಣೆಯಿಂದ) ಮೊದಲೇ ನಿರೋಧ ಇದೆ, ಅಂದರೆ ಶೇ 0.1. ಔಷಧಿ ಉಳಿದ 9,990ರಲ್ಲಿ ಶೇ 99ನ್ನು ಕೊಂದರೆ ಸುಮಾರು 100 ಉಳಿಯುತ್ತವೆ. ನಿರೋಧವುಳ್ಳ 10 ಸೇರಿ 110. ಈಗ ನಿರೋಧದ ಪಾಲು ಶೇ 9. ಇವು ಮರಿ ಹಾಕಿ ಮತ್ತೆ 10,000 ಆದರೆ ಸುಮಾರು 900 ನಿರೋಧವುಳ್ಳವು. ಅದೇ ಔಷಧಿ ಮತ್ತೆ ಹೊಡೆದರೆ ಉಳಿದ 9,100ರಲ್ಲಿ ಸುಮಾರು 91 ಬದುಕುತ್ತವೆ. ಈಗ ಪಾಲು ಶೇ 90ರ ಮೇಲೆ. ಎರಡೇ ಸುತ್ತು. ಮರಿಗಳು ತಾಯ್ತಂದೆಯಂತೆಯೇ ಇರುತ್ತವೆ, ಪಕ್ಕದ ಹೊಲದಿಂದ ಹುಳು ಬರುವುದಿಲ್ಲ ಎಂದು ಹಿಡಿದ ಸರಳ ಲೆಕ್ಕ ಇದು. ನಿಜದಲ್ಲಿ ಹೆಚ್ಚು ಸುತ್ತು ಹಿಡಿಯುತ್ತದೆ, ದಿಕ್ಕು ಮಾತ್ರ ಇದೇ. ಅದಕ್ಕೇ ಅಂಗಡಿಯಲ್ಲಿ ಡಬ್ಬಿಯ ಹೆಸರು ಬದಲಾದರೆ ಸಾಲದು, ಒಳಗಿನ ಔಷಧಿ ಹುಳುವನ್ನು ಕೊಲ್ಲುವ ಬಗೆಯೇ ಬದಲಾಗಬೇಕು.

ಎಲೆಕೋಸಿನ ಡೈಮಂಡ್ ಬ್ಯಾಕ್ ಪತಂಗ ಈ ವಿಷಯದಲ್ಲಿ ಕುಖ್ಯಾತ. ಡಿಡಿಟಿಗೆ 1950ರ ದಶಕದಲ್ಲೇ, ಆಮೇಲೆ ಬಿಟಿ ಬ್ಯಾಕ್ಟೀರಿಯಾದ ಸಿಂಪಡಣೆಗೂ ಹೊಲದಲ್ಲೇ ನಿರೋಧ ‘ಬೆಳೆಸಿಕೊಂಡ’ ಕೀಟ ಅದು. ನೋಡಿ, ಎಷ್ಟು ಎಚ್ಚರವಿದ್ದರೂ ಭಾಷೆ ಲ್ಯಾಮಾರ್ಕ್‌ನ ಕಡೆಗೇ ಎಳೆಯುತ್ತದೆ. ಬಳಸಿದ ಅಂಗ ಬೆಳೆಯುತ್ತದೆ, ಆ ಬೆಳವಣಿಗೆ ಮಕ್ಕಳಿಗೆ ಬರುತ್ತದೆ ಎಂಬುದು 1809ರ ಅವನ ವಾದ. ನಮ್ಮ ಹಳ್ಳಿಕಾರ್ ಎತ್ತುಗಳಿಗೆ ಎಷ್ಟು ತಲೆಮಾರಿನಿಂದ ಮೂಗುದಾರ ಪೋಣಿಸಿದ್ದೇವೆ! ಇವತ್ತಿಗೂ ಕರು ಮೂಗು ತೂತಾಗಿ ಹುಟ್ಟಿಲ್ಲ.

ಬೆರೆಯುವ ಹಾಲು, ಬೆರೆಯದ ಕಾಳು

ಡಾರ್ವಿನ್ನನಿಗೆ ಉತ್ತರ ಹೊಳೆಯದ ಪ್ರಶ್ನೆ ಒಂದಿತ್ತು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಅದನ್ನು ಎತ್ತಿದ: ತಾಯ್ತಂದೆಯ ಗುಣ ಹಾಲಿಗೆ ನೀರು ಬೆರೆತಂತೆ ಬೆರೆಯುವುದಾದರೆ, ಹೊಸ ಒಳ್ಳೆಯ ಗುಣ ಕೆಲವೇ ತಲೆಮಾರಿನಲ್ಲಿ ತೆಳುವಾಗಿ ಹೋಗಬೇಕಲ್ಲ? ಉತ್ತರ ಆಗಲೇ ಅಚ್ಚಾಗಿತ್ತು, 1866ರ ಮೆಂಡೆಲ್‌ನ ಬಟಾಣಿ ಪ್ರಬಂಧದಲ್ಲಿ. ಗುಣಗಳು ಹಾಲಿನಂತಲ್ಲ, ಕಾಳಿನಂತೆ. ಬೆರೆಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಆ ಪ್ರಬಂಧವನ್ನು ಜನ ಗಮನಿಸಿದ್ದು 1900ರಲ್ಲಿ. ಡಾರ್ವಿನ್ನನ ಆಯ್ಕೆ, ಮೆಂಡೆಲ್‌ನ ಕಾಳು, ಎರಡನ್ನೂ ಗಣಿತದಲ್ಲಿ ಹೊಸೆದವರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಒಬ್ಬ; 1957ರಲ್ಲಿ ಕಲ್ಕತ್ತೆಗೆ ಬಂದು, ಭಾರತದ ಪೌರನಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ.

ವಿಕಾಸ ನಡೆಯದ ಗುಂಪಿನಲ್ಲಿ ಒಂದು ಜೀನ್‌ನ ಪ್ರಬಲ ರೂಪದ ಪಾಲನ್ನು ಪಿ, ಅಪ್ರಬಲ ರೂಪದ ಪಾಲನ್ನು ಕ್ಯೂ ಎಂದು ಹಿಡಿಯುವ ಹಾರ್ಡಿ–ವೈನ್‌ಬರ್ಗ್ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಒಂದೇ. 100 ಜನರಲ್ಲಿ 9 ಜನಕ್ಕೆ ಅಪ್ರಬಲ ಲಕ್ಷಣ ಇದ್ದರೆ 0.09 ಎಂಬುದು ಕ್ಯೂ ವರ್ಗ, ಕ್ಯೂ ಅಲ್ಲ. ವರ್ಗಮೂಲ ತೆಗೆದರೆ ಕ್ಯೂ 0.3, ಪಿ 0.7, ಎರಡೂ ರೂಪ ಒಂದೊಂದು ಇರುವ ವಾಹಕರು 2×0.7×0.3, ಅಂದರೆ 0.42. ಕೊನೆಗೆ 0.49, 0.42, 0.09 ಕೂಡಿಸಿ 1 ಬಂತೇ ನೋಡಿ. ಪ್ರಬಲ ಗುಣವೇ ಸಂಖ್ಯೆಯಲ್ಲೂ ಹೆಚ್ಚಿರುತ್ತದೆ ಎಂಬ ಊಹೆಯನ್ನು ಬಿಟ್ಟುಬಿಡಿ. ಪ್ರಾಬಲ್ಯಕ್ಕೂ ಪ್ರಮಾಣಕ್ಕೂ ಸಂಬಂಧವಿಲ್ಲ.

ಆಯ್ಕೆಯಿಲ್ಲದೆಯೂ ವಿಕಾಸ ನಡೆಯುತ್ತದೆ, ಬರೀ ಅದೃಷ್ಟದಿಂದ. ಇದೇ ಆನುವಂಶಿಕ ಅಲೆತ. ಮನೆಯಲ್ಲೇ ಮಾಡಿ ನೋಡಬಹುದು. ಕೆಂಪು ಮತ್ತು ಬಿಳಿ ಅಲಸಂದೆ ತಲಾ 50 ಡಬ್ಬಿಗೆ ಹಾಕಿ, ನೋಡದೆ 10 ತೆಗೆಯಿರಿ. 6 ಕೆಂಪು, 4 ಬಿಳಿ ಬಂದರೆ ಡಬ್ಬಿ ಬರಿದುಮಾಡಿ 60 ಕೆಂಪು, 40 ಬಿಳಿ ತುಂಬಿ. ಮತ್ತೆ 10. ಸಾಮಾನ್ಯವಾಗಿ ಹದಿನೈದು ಸುತ್ತಿನ ಆಸುಪಾಸಿನಲ್ಲಿ ಒಂದು ಬಣ್ಣ ಪೂರ್ತಿ ಮಾಯವಾಗುತ್ತದೆ. 1,000 ಕಾಳಿನಿಂದ 100 ತೆಗೆಯುತ್ತ ಹೋದರೆ ಸುಮಾರು ನೂರೈವತ್ತು ಸುತ್ತು ಬೇಕು. ಅಲಸಂದೆಯ ಬದಲು ಅವರೆ, ಹುರುಳಿ ಇಟ್ಟುಕೊಂಡರೆ ಪ್ರಯೋಗ ಕೆಡುತ್ತದೆ: ಕೈಗೆ ದಪ್ಪ ಕಾಳೇ ಹೆಚ್ಚು ಸಿಗುತ್ತದೆ, ಆಗ ಅದು ಆಯ್ಕೆಯಾಯಿತು, ಆನುವಂಶಿಕ ಅಲೆತವಲ್ಲ. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಉಳಿದಿರುವ ಕೋಲಾರ ಎಲೆಮೂಗಿನ ಬಾವಲಿಯ ಬಗ್ಗೆ ತಜ್ಞರ ಆತಂಕಕ್ಕೆ ಕಲ್ಲು ಗಣಿಗಾರಿಕೆಯಷ್ಟೇ ಈ ಡಬ್ಬಿಯ ಲೆಕ್ಕವೂ ಕಾರಣವಾಗಬಲ್ಲದು. ಸಂಖ್ಯೆ ಇನ್ನೂರರ ಆಸುಪಾಸಿಗೆ ಇಳಿದಾಗ ಒಳ್ಳೆಯ ಗುಣವೂ ಅದೃಷ್ಟ ಕೆಟ್ಟು ಕಳೆದುಹೋಗುತ್ತದೆ.

ಸಮಯ ಸಾಕೇ?

1862ರಲ್ಲಿ ಭೌತವಿಜ್ಞಾನಿ ಕೆಲ್ವಿನ್, ಭೂಮಿ ತಣ್ಣಗಾಗುವ ಲೆಕ್ಕ ಹಾಕಿ ಅದರ ವಯಸ್ಸು 2 ಕೋಟಿಯಿಂದ 40 ಕೋಟಿ ವರ್ಷ ಎಂದ. ನಿಧಾನದ ಆಯ್ಕೆಗೆ ಅಷ್ಟು ಸಮಯ ಸಾಲದು. ಡಾರ್ವಿನ್ನನಿಗೆ ಇದು ಪಾದ್ರಿಗಳ ವಿರೋಧಕ್ಕಿಂತ ದೊಡ್ಡ ತಲೆನೋವು. ವಿಕಿರಣಶೀಲತೆ ಗೊತ್ತಾದ ಮೇಲೆ ಕಲ್ಲಿನ ವಯಸ್ಸನ್ನು ನೇರವಾಗಿ ಅಳೆಯುವ ದಾರಿ ಸಿಕ್ಕಿತು. ಭೂಮಿಗೆ ಸುಮಾರು 454 ಕೋಟಿ ವರ್ಷ. ಕೋಲಾರದ ಚಿನ್ನದ ಪಟ್ಟಿಯ ಶಿಲೆಗಳಿಗೇ ಸುಮಾರು 270 ಕೋಟಿ. ಹಾಗೆಂದು ಮಧುಗಿರಿಯ ಏಕಶಿಲೆಯಲ್ಲಿ ಪಳೆಯುಳಿಕೆ ಹುಡುಕಬೇಡಿ. ಗ್ರಾನೈಟ್ ಕರಗಿ ಗಟ್ಟಿಯಾದ ಕಲ್ಲು, ಅದರಲ್ಲಿ ಜೀವಿಯ ಗುರುತು ಉಳಿಯುವುದಿಲ್ಲ. ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ ಮಾತ್ರ ಸ್ಟ್ರೊಮಾಟೊಲೈಟ್ ಇದೆ: ಸೂಕ್ಷ್ಮಾಣುಗಳ ಚಾಪೆ ಪದರ ಪದರವಾಗಿ ಕಟ್ಟಿದ, 250 ಕೋಟಿ ವರ್ಷಕ್ಕೂ ಹಳೆಯ ಗುರುತು.

ದೇವರು, ನ್ಯಾಯಾಲಯ, ದಶಾವತಾರ

ನೈಸರ್ಗಿಕ ಆಯ್ಕೆಯ ವಿಚಾರವನ್ನು ತಾನೇ ಬೇರೆಯಾಗಿ ಕಂಡುಕೊಂಡಿದ್ದ ವಾಲೇಸ್ ಮತ್ತು ಡಾರ್ವಿನ್ ಇಬ್ಬರ ಬರಹಗಳನ್ನೂ ಲಂಡನ್ನಿನ ಲಿನೇಯನ್ ಸೊಸೈಟಿಯಲ್ಲಿ 1858ರ ಜುಲೈ 1ರಂದು ಓದಲಾಯಿತು. ಡಾರ್ವಿನ್ನನ ‘ಆರಿಜಿನ್ ಆಫ್ ಸ್ಪೀಷೀಸ್’ ಪುಸ್ತಕ ಬಂದದ್ದು 1859ರ ನವೆಂಬರ್ 24ರಂದು. ಪಶ್ಚಿಮದಲ್ಲಿ ಧರ್ಮವೆಲ್ಲ ಒಂದಾಗಿ ಎದುರು ನಿಂತಿತು ಎಂಬುದು ಸುಳ್ಳು. ಅಮೆರಿಕದಲ್ಲಿ ಡಾರ್ವಿನ್ನನ ಪರ ನಿಂತ ಸಸ್ಯವಿಜ್ಞಾನಿ ಏಸಾ ಗ್ರೇ ಶ್ರದ್ಧಾವಂತ ಕ್ರೈಸ್ತ. 1925ರಲ್ಲಿ ಟೆನೆಸ್ಸಿಯ ಡೇಟನ್ ಊರಿನಲ್ಲಿ ಸ್ಕೋಪ್ಸ್ ಎಂಬ ಮೇಷ್ಟ್ರಿಗೆ ವಿಕಾಸ ಕಲಿಸಿದ್ದಕ್ಕೆ 100 ಡಾಲರ್ ದಂಡ ಬಿತ್ತು. ಆ ಕಾನೂನು ರದ್ದಾದದ್ದು 1967ರಲ್ಲಿ. ನಡುವೆ 1950ರಲ್ಲಿ ಪೋಪ್ ಹನ್ನೆರಡನೇ ಪಯಸ್, ಆತ್ಮ ದೇವರ ಸೃಷ್ಟಿ ಎಂಬುದನ್ನು ಬಿಡದೆ, ದೇಹದ ವಿಕಾಸದ ಬಗ್ಗೆ ವಿದ್ವಾಂಸರು ಚರ್ಚಿಸಬಹುದು ಎಂದ.

ನಮ್ಮಲ್ಲಿ ಜಗಳಕ್ಕಿಂತ ಹೊಂದಾಣಿಕೆಯ ಉತ್ಸಾಹ ಹೆಚ್ಚು. ಮೀನು, ಆಮೆ, ಹಂದಿ, ನರಸಿಂಹ, ವಾಮನ: ದಶಾವತಾರವೇ ವಿಕಾಸ ಎಂಬ ಹೋಲಿಕೆಯನ್ನು ಕೇಶವಚಂದ್ರ ಸೇನ್ 1882ರಲ್ಲೇ ಮಾಡಿದ್ದರು. ನೆನಪಿಗೆ ಚೆನ್ನ, ಉತ್ತರಪತ್ರಿಕೆಗೆ ಅಪಾಯ. ಆಮೆ ಸರೀಸೃಪ, ಉಭಯವಾಸಿಯಲ್ಲ. ವಾಮನನಿಂದಾಚೆ ಎಲ್ಲರೂ ಒಂದೇ ಪ್ರಭೇದ. ಮುಖ್ಯವಾಗಿ, ಅವತಾರ ಒಂದು ಉದ್ದೇಶಕ್ಕಾಗಿ ಮೇಲಿನಿಂದ ಇಳಿದು ಬರುವುದು. ನೈಸರ್ಗಿಕ ಆಯ್ಕೆಗೆ ಮುಂದಿನ ಗುರಿಯೇ ಇಲ್ಲ. ಈ ಹೋಲಿಕೆಯಿಂದ ವಿಜ್ಞಾನಕ್ಕೂ ಪುರಾಣಕ್ಕೂ ಲಾಭವಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕಲ್ಪದ 432 ಕೋಟಿ ವರ್ಷ ಭೂಮಿಯ ವಯಸ್ಸಿಗೆ ಹತ್ತಿರ ಇರುವುದೂ ಇಂಥದ್ದೇ. ಒಂದು ಯುಗಗಳ ಗುಣಾಕಾರದಿಂದ ಬಂದದ್ದು, ಇನ್ನೊಂದು ಸೀಸದ ಐಸೋಟೋಪ್ ಅಳೆದು ಬಂದದ್ದು.

2023ರಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ ಪುಸ್ತಕದಿಂದ ವಿಕಾಸದ ಭಾಗ ಕೈಬಿಟ್ಟಿತು. 12ನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆ. ಹಾಗಾಗಿ ಆ 10ನೇ ತರಗತಿಯ ಪುಸ್ತಕ ಓದಿ ಪಿಯುಸಿಯಲ್ಲಿ ವಾಣಿಜ್ಯ, ಕಲಾ ವಿಭಾಗ ಹಿಡಿದವರಿಗೆ ವಿಷಯ ಎದುರಾಗುವುದೇ ಇಲ್ಲ.

ಇನ್ನೊಂದು ಪರಂಪರೆ ಕರಾಳ. ಇಂಗ್ಲೆಂಡಿನ ಗಾಲ್ಟನ್ 1883ರಲ್ಲಿ ‘ಯೂಜೆನಿಕ್ಸ್’ ಪದ ಹುಟ್ಟುಹಾಕಿದ, ಯಾರಿಗೆ ಮಕ್ಕಳಾಗಬೇಕು ಎಂದು ಆರಿಸಿ ಮನುಷ್ಯರ ‘ತಳಿ’ ಸುಧಾರಿಸಬೇಕೆಂಬ ವಾದಕ್ಕೆ; ಅದರ ಹೆಸರಲ್ಲಿ ಅಮೆರಿಕ, ಜರ್ಮನಿಗಳಲ್ಲಿ ಬಲವಂತದ ಸಂತಾನಹರಣ ನಡೆಯಿತು. ಇಲ್ಲಿ ಬ್ರಿಟಿಷ್ ಅಧಿಕಾರಿ ರಿಸ್ಲೆ, 1901ರ ಜನಗಣತಿಯ ಹೊತ್ತಿಗೆ, ಮೂಗಿನ ಅಗಲ ಅಳೆದು ಜಾತಿಗಳಿಗೆ ಮೇಲು ಕೀಳು ಕಟ್ಟಿದ. ಮೈಸೂರು ತಳಿ, ಬೈವೋಲ್ಟೀನ್ ನಡುವೆಯೇ ಪರಿಸರ ಹೇಳದೆ ಮೇಲು ಕೀಳು ಹೇಳಲಾಗದು ಎಂಬುದನ್ನು ಇಲ್ಲಿ ನೆನೆಯಿರಿ.

ನಂದಿಬೆಟ್ಟದ ಕೋತಿ

‘ಮಂಗನಿಂದ ಮಾನವ ಆದ ಅಂದರೆ ಈ ಮಂಗಗಳು ಯಾಕೆ ಇನ್ನೂ ಮಂಗಗಳಾಗಿಯೇ ಇವೆ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಬೆಟ್ಟದ ಮೇಲೆ ಚಿಪ್ಸ್ ಕಸಿಯುವ ಕೋತಿ ನಮ್ಮ ತಾತನಲ್ಲ, ದಾಯಾದಿ. ಅದರ ಕವಲೂ ನಮ್ಮ ಕವಲೂ ಸುಮಾರು 2.5ರಿಂದ 3 ಕೋಟಿ ವರ್ಷದ ಹಿಂದೆ ಬೇರೆಯಾದವು. ಚಿಂಪಾಂಜಿಯದು 60–70 ಲಕ್ಷ ವರ್ಷದ ಹಿಂದೆ. ಚಿತ್ರ ಬರೆಯುವಾಗ ಬಾಗಿದ ಕೋತಿ ಮೆಲ್ಲಮೆಲ್ಲಗೆ ನೆಟ್ಟಗಾಗುವ ಮೆರವಣಿಗೆ ಬರೆಯಬೇಡಿ. ಕವಲಿನ ಮರ ಬರೆಯಿರಿ: ಬುಡದಲ್ಲಿ ಒಂದು ಗೆರೆ, ಮೊದಲ ಕವಲಿನಲ್ಲಿ ಕೋತಿ ಪಕ್ಕಕ್ಕೆ, ಎರಡನೆಯದರಲ್ಲಿ ಚಿಂಪಾಂಜಿ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಮೂರರ ತುದಿಯೂ ಒಂದೇ ಎತ್ತರಕ್ಕೆ ಬರಲಿ, ಮೂರೂ ಇವತ್ತು ಬದುಕಿರುವುದರಿಂದ. ಎರಡನೇ ಕವಲನ್ನು ತಿರುಗಿಸಿ ಚಿಂಪಾಂಜಿಯನ್ನು ಬಲಕ್ಕೆ, ಮನುಷ್ಯನನ್ನು ನಡುವಿಗೆ ತಂದರೂ ಮರ ಅದೇ.