ರಾಯಚೂರು ಸೀಮೆಯ ಚರ್ಮಕ್ಕೆ ಬಿಸಿಲೊಂದೇ ವೈರಿಯಲ್ಲ

ಚರ್ಮದ ಕ್ಯಾನ್ಸರ್ ಕುರಿತು ನಮಗೆ ಓದಲು ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಂಥವು. ಸನ್‌ಸ್ಕ್ರೀನ್ ಹಚ್ಚಿಕೊಳ್ಳಿ, ಬಿಸಿಲಿಗೆ ಮೈಯೊಡ್ಡಿ ಮಲಗಬೇಡಿ ಎನ್ನುವ ಮಾತು ತಪ್ಪಲ್ಲ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಲಗಳಲ್ಲಿ ದುಡಿಯುವವರ ಮಟ್ಟಿಗೆ ಅದು ಅರ್ಧ ಮಾತು ಮಾತ್ರ.

ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶವನ್ನು ಹೊಕ್ಕಾಗ ಡಿಎನ್ಎ ಎಳೆಯಲ್ಲಿ ಅಕ್ಕಪಕ್ಕದಲ್ಲಿರುವ ಘಟಕಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೋಶವು ಇಂಥ ಹಾನಿಯನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆಯಾದರೂ, ವರ್ಷಾನುಗಟ್ಟಲೆ ಉಳಿದುಹೋದ ತಪ್ಪುಗಳು ಸೇರಿ ಕ್ಯಾನ್ಸರಿಗೆ ದಾರಿಯಾಗುತ್ತವೆ. ನಮ್ಮ ಚರ್ಮದಲ್ಲಿ ಬಣ್ಣ ಕೊಡುವ ಮೆಲನಿನ್ ಕಣಗಳು ಕೋಶಕೇಂದ್ರದ ಮೇಲ್ಭಾಗದಲ್ಲಿ, ತಲೆಗೆ ರುಮಾಲು ಸುತ್ತಿದಂತೆ, ಗುಂಪುಗೂಡಿ ಕಿರಣಗಳನ್ನು ತಡೆಯುತ್ತವೆ. ಇಷ್ಟು ಬಿಸಿಲುಂಡರೂ ನಮ್ಮಲ್ಲಿ ಈ ಕಾಯಿಲೆ ವಿರಳವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಕಣ್ಣಷ್ಟೇ ಕಾಣುವಂತೆ ಮುಖಕ್ಕೆ ಟವೆಲ್ ಸುತ್ತಿಕೊಳ್ಳುತ್ತಾರಲ್ಲ, ಆ ಉಡುಪು ಯಾವ ದುಬಾರಿ ಕ್ರೀಮಿಗೂ ಕಡಿಮೆಯಲ್ಲ. ಆದರೆ ಹುಟ್ಟಿನಿಂದಲೇ ಮೆಲನಿನ್ ಕೊರತೆಯಿರುವ ಮಕ್ಕಳಿಗೆ, ಅಂದರೆ ಮೈ ಕೂದಲೆಲ್ಲ ಬೆಳ್ಳಗಿರುವವರಿಗೆ, ಉಡುಪು, ನೆರಳು, ಸನ್‌ಸ್ಕ್ರೀನ್ ಮೂರೂ ಬೇಕೇಬೇಕು. ಅತಿನೇರಳೆ ಕಿರಣಕ್ಕೂ ಸೆಕೆಗೂ ನೇರ ಸಂಬಂಧವಿಲ್ಲ ಎಂಬುದನ್ನೂ ಗಮನಿಸಬೇಕು: ಈ ಜಿಲ್ಲೆಗಳಲ್ಲಿ ಆ ಕಿರಣಗಳು ನೇರವಾಗಿ ಬೀಳುವಂತೆ ಸೂರ್ಯ ನಡುನೆತ್ತಿಗೆ ಬರುವುದು ಮೇ ಮೊದಲ ವಾರದ ಆಸುಪಾಸಿನಲ್ಲಿ ಒಮ್ಮೆ, ತಂಪು ಗಾಳಿ ಬೀಸುವ ಆಗಸ್ಟ್ ಮೊದಲಾರ್ಧದಲ್ಲಿ ಇನ್ನೊಮ್ಮೆ.

ಬಿಸಿಲು ತಾಗದ ಜಾಗಗಳ ಮಾತು ಬೇರೆ. ಕಪ್ಪು ಮತ್ತು ಗೋಧಿ ಬಣ್ಣದವರಲ್ಲಿ ಮೆಲನೋಮಾ, ಅಂದರೆ ಮೆಲನಿನ್ ತಯಾರಿಸುವ ಕೋಶಗಳ ಕ್ಯಾನ್ಸರ್, ಹೆಚ್ಚಾಗಿ ಕಾಣಿಸುವುದು ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲೆ 1981ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಶುರುವಾದ ಇದೇ ಕಾಯಿಲೆಯಿಂದ. ಬರಿಗಾಲಲ್ಲಿ ನಡೆದವರ ಅಂಗಾಲಿನ ಕಪ್ಪು ಮಚ್ಚೆಯನ್ನು ಆಣಿಯೆಂದೋ ಮುಳ್ಳು ಮುರಿದದ್ದೆಂದೋ ತಿಳಿದು ಬಿಟ್ಟುಬಿಡುವುದು ಸುಲಭ. ಅದು ಹಿಗ್ಗುತ್ತಿದ್ದರೆ ಹಾಗೆ ಬಿಡಬಾರದು.

ಇನ್ನೊಂದು ದಾರಿ ಮಾಯದ ಗಾಯದ್ದು. ಒಲೆಯ ಬೆಂಕಿಯಲ್ಲಿ ಸುಟ್ಟ ಹಳೆಯ ಕಲೆ, ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದದ ಹುಣ್ಣು, ಇವು ದಶಕಗಳ ನಂತರ ಕ್ಯಾನ್ಸರಾಗಿ ತಿರುಗಬಲ್ಲವು. ಪದೇ ಪದೇ ಒಡೆದು ಕೂಡುವ ಜಾಗದಲ್ಲಿ ಕೋಶಗಳು ಬಿಡುವಿಲ್ಲದೆ ವಿಭಜಿಸುತ್ತಿರುವುದೇ ಅಪಾಯ. ನಡುವಿಗೆ ಬಿಗಿಯುವ ಧೋತರ ಮತ್ತು ಲಂಗದ ಲಾಡಿಯೂ ಇದೇ ಪಟ್ಟಿಗೆ ಸೇರುತ್ತವೆ. ಧೋತರ ಕಟ್ಟುವ ಜಾಗದಲ್ಲಿ ಬರುವ ಕ್ಯಾನ್ಸರನ್ನು ಮುಂಬಯಿಯ ಸಂಶೋಧಕರಾದ ವಿ. ಆರ್. ಖಾನೋಳ್ಕರ್ ಮತ್ತು ಸೂರ್ಯಾಬಾಯಿ ಅವರು 1945ರಷ್ಟು ಹಿಂದೆಯೇ ವರದಿ ಮಾಡಿದ್ದರು. ದಿನವಿಡೀ ಬಗ್ಗಿ ಕಳೆ ಕೀಳುವವರ ನಡುವಿನಲ್ಲಿ ಬೆವರು, ಧೂಳು, ದಾರದ ಉಜ್ಜಾಟ ಸೇರಿ ಮೊದಲು ಚರ್ಮ ಕಪ್ಪಾಗುತ್ತದೆ, ಆಮೇಲೆ ದಪ್ಪಗಾಗಿ ಹೊಟ್ಟೇಳುತ್ತದೆ; ಅಪರೂಪಕ್ಕೆ ಅಲ್ಲಿಯೇ ಹುಣ್ಣಾಗಿ ನಿಲ್ಲುತ್ತದೆ. ತೆಳು ಲಾಡಿಯ ಬದಲು ಅಗಲ ಪಟ್ಟಿ ಹೊಲಿಸುವುದು, ಗಂಟಿನ ಜಾಗವನ್ನು ಆಗಾಗ ಬದಲಿಸುವುದು, ಮನೆಗೆ ಬಂದ ಮೇಲೆ ಸಡಿಲಿಸುವುದು ಇದಕ್ಕೆ ಸಾಕು. ಇಷ್ಟು ಅಗ್ಗದ ಉಪಾಯವನ್ನು ಆರೋಗ್ಯ ಶಿಬಿರಗಳಲ್ಲಿ ಯಾಕೆ ಹೇಳುವುದಿಲ್ಲವೋ ಅರ್ಥವಾಗುವುದಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಕಾರಣವೊಂದು ನೆಲದೊಳಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಹೊತ್ತ ಕಲ್ಲಿನ ಜೊತೆಯಲ್ಲೇ ಆರ್ಸೆನಿಕ್ ಎಂಬ ವಿಷವಸ್ತು ಇರುವ ಖನಿಜವೂ ಇದೆ. ಇಂಥ ಶಿಲೆಗಳಿಂದ ಅದು ಅಂತರ್ಜಲಕ್ಕೆ ಇಳಿಯಬಲ್ಲದು. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಹಾಗೆ ಕುಡಿದ ನೀರಿನಿಂದಲೇ ಜನರ ಚರ್ಮ ಕೆಟ್ಟದ್ದು ಅಧ್ಯಯನಗಳಲ್ಲಿ ದಾಖಲಾಗಿದೆ. ಎದೆ, ಬೆನ್ನಿನ ಮೇಲೆ ಮಳೆಹನಿಗಳಂಥ ಕಪ್ಪು ಬಿಳುಪು ಚುಕ್ಕೆಗಳು, ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳು ಮೊದಲ ಗುರುತು. ಕ್ಯಾನ್ಸರ್ ಬರುವುದು ಎಷ್ಟೋ ವರ್ಷಗಳ ಬಳಿಕ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲ, ನೀರನ್ನು ಕುದಿಸಿದರೆ ಹೋಗುವುದೂ ಇಲ್ಲ; ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಫ್ಲೋರೈಡ್ ಪರೀಕ್ಷೆಯಲ್ಲಿ ಪಾಸಾದ ಬೋರ್‌ವೆಲ್ ಆರ್ಸೆನಿಕ್ ಪರೀಕ್ಷೆಯಲ್ಲಿಯೂ ಪಾಸಾಯಿತೆಂದು ಅರ್ಥವಲ್ಲ. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನೀರಿನಲ್ಲಿಯೇ ವ್ಯತ್ಯಾಸವಿರಬಹುದಾದ್ದರಿಂದ ಪ್ರತಿಯೊಂದರ ನೀರನ್ನೂ ಬೇರೆಬೇರೆಯಾಗಿ ಪರೀಕ್ಷಿಸುವಂತೆ ಪಂಚಾಯ್ತಿಯನ್ನು ಕೇಳಬೇಕು.

ಹುಣ್ಣು, ಗಂಟಿಗೆ ಮೈಲುತುತ್ತ, ಸುಣ್ಣ ಹಚ್ಚಿ ಸುಡುವ ರೂಢಿಯಿಂದ ಮೇಲ್ಪದರ ಮಾತ್ರ ಉದುರಿ, ರೋಗ ಒಳಗೇ ಬೆಳೆಯುತ್ತದೆ. ನಾಲ್ಕು ವಾರವಾದರೂ ಮಾಯದ ಹುಣ್ಣು, ಸುಟ್ಟ ಕಲೆಯ ಮೇಲೆ ಹೊಸದಾಗಿ ಎದ್ದ ಗಂಟು, ಮುಟ್ಟಿದರೆ ರಕ್ತ ಒಸರುವ ಜಾಗ ಇದ್ದರೆ ಜಿಲ್ಲಾ ಕೇಂದ್ರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬೇಕು. ಅಲ್ಲಿ ಆ ಜಾಗವನ್ನಷ್ಟೇ ಮರಗಟ್ಟಿಸಿ, ಚರ್ಮದ ಸಣ್ಣ ತುಣುಕನ್ನು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆಂಬ ಭಯದಿಂದ ಬಯಾಪ್ಸಿಗೆ ಒಪ್ಪದೆ ಹಿಂದಿರುಗುವವರಿದ್ದಾರೆ. ಆ ಭಯಕ್ಕೆ ಆಧಾರವಿಲ್ಲ, ಬೇಗ ಗುರುತಿಸಿದ ಚರ್ಮದ ಕ್ಯಾನ್ಸರುಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತವೆ.